ತಾಂಡೂರು ದಾಟಿದ ಮೇಲೆ

ಶರ್ವರಿಯ ಮೈಕ್ ಆನ್ ಇತ್ತು. ಮಂಗಳವಾರ ಮಧ್ಯಾಹ್ನದ ಮೀಟಿಂಗಿನಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸ ಎಲ್ಲಿಗೆ ಬಂದಿದೆ ಎಂದು ಬಣ್ಣದಲ್ಲಿ ಹೇಳಬೇಕು. ಸುಗಮವಾಗಿದ್ದರೆ ಹಸಿರು, ತಡವಾಗುತ್ತಿದ್ದರೆ ಹಳದಿ, ನಿಂತೇ ಹೋಗಿದ್ದರೆ ಕೆಂಪು. ಅವಳ ಸರದಿ ಬಂತು. ಅವಳು ಬಾಯಿ ತೆರೆಯುವ ಮೊದಲೇ ಪಕ್ಕದ ಕೋಣೆಯಿಂದ ಗಂಡಸಿನ ದನಿಯೊಂದು ಗಟ್ಟಿಯಾಗಿ "ಗ್ರೀನ್!" ಎಂದಿತು.

ಮಾದಾಪುರದ ಆಫೀಸಿನಲ್ಲಿ ಕುಳಿತಿದ್ದ ಮ್ಯಾನೇಜರ್ ವಿಶ್ವಜಿತ್ ನಕ್ಕ. "ಅಂಕಲ್ ನೇ ಬೋಲ್ ದಿಯಾ. ಲಿಖ್ ಲೋ ಭಾಯ್, ಗ್ರೀನ್."

ಅಂಕಲ್ಲೇ ಹೇಳಿಬಿಟ್ಟರು, ಬರೆದುಕೊಳ್ಳಿ ಎಂಬ ಆ ಮಾತಿಗೆ ಎಲ್ಲರೂ ನಕ್ಕರು. ಅದರ ಬೆನ್ನಿಗೇ ಆ ದನಿ ಕಿರುಚಿತು. ನಗು ನಿಂತಿತು. ಶರ್ವರಿ ಮೈಕ್ ಮುಚ್ಚಿ ಎದ್ದು ಓಡಿದಳು.

ಅವಳ ತಂದೆ ವಿಠಲ ಮಂಚದ ಮೇಲೆ ಎದ್ದು ಕುಳಿತಿದ್ದರು. ಬಲಗೈ ಮಂಚದ ಕಬ್ಬಿಣದ ಕಂಬಿಯನ್ನು ಹಿಡಿದು ತನ್ನ ಕಡೆಗೆ ಎಳೆಯುತ್ತಿತ್ತು. ಕಣ್ಣು ತೆರೆದಿದ್ದರೂ ಅವು ಮಗಳನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಬನಿಯನ್ ಬೆವರಿನಲ್ಲಿ ತೊಯ್ದಿತ್ತು.

"ಅಪ್ಪಾ, ನೀರು ಕುಡೀರಿ."

ಅವರು ಕುಡಿದರು. ಆಮೇಲೆ ಅವಳ ಕೊರಳಲ್ಲಿ ನೇತಾಡುತ್ತಿದ್ದ ಹೆಡ್‌ಫೋನ್ ನೋಡಿದರು.

"ಮೀಟಿಂಗ್ ಇತ್ತೇನು?"

"ಇತ್ರಿ."

"ಅವರಿಗೆ ಕೇಳಿಸ್ತೇನು?"

"ಸ್ವಲ್ಪ."

"ಸ್ವಲ್ಪ ಅಂದ್ರ? ನಕ್ಕರೇನು?"

"ಮೊದಲು ನಕ್ಕರು," ಎಂದಳು ಶರ್ವರಿ. ತಂದೆಗೆ ಸುಳ್ಳು ಹೇಳಿದರೆ ಗೊತ್ತಾಗುತ್ತಿತ್ತು.

ಸಂಜೆ ಅವಳು ಹಾಲು ತಂದು ಬರುವಷ್ಟರಲ್ಲಿ ಅಟ್ಟದ ಮೇಲಿದ್ದ ಲೈನ್ ಬಾಕ್ಸ್ ಕೆಳಗಿಳಿದು ಬಾಗಿಲ ಪಕ್ಕದಲ್ಲಿ ಕುಳಿತಿತ್ತು. ರೈಲು ಓಡಿಸುವವರು ಡ್ಯೂಟಿಗೆ ಹೋಗುವಾಗ ಒಯ್ಯುವ ಕಬ್ಬಿಣದ ಪೆಟ್ಟಿಗೆ ಅದು. ಬಟ್ಟೆ, ಟಾರ್ಚು, ಕೆಂಪು ಹಸಿರು ಬಾವುಟ, ಊಟದ ಡಬ್ಬಿ ಎಲ್ಲ ಅದರಲ್ಲೇ. ಎರಡು ವರ್ಷದ ಹಿಂದೆ ನಿವೃತ್ತಿಯಾದ ದಿನ ವಿಠಲ ಅದನ್ನು ಅಟ್ಟಕ್ಕೆ ಏರಿಸಿದ್ದರು. ಈಗ ಅದರ ಮೇಲಿನ ಧೂಳು ಒರೆಸಿ, ಒಳಗೆ ನಾಲ್ಕು ಜೊತೆ ಬಟ್ಟೆ ಮಡಚಿ ಇಟ್ಟಿದ್ದರು.

"ಇದೇನ್ರಿ ಅಪ್ಪಾ?"

"ವಾಡಿಗೆ ಹೊಂಟೀನಿ. ನನ್ನ ಕೂಡ ಗಾಡಿ ಮ್ಯಾಲಿದ್ದ ಬೂದೆಪ್ಪಗ ಫೋನ್ ಮಾಡೀನಿ. ಅವನ ಮನಿ ಮ್ಯಾಲ ಒಂದು ಖೋಲಿ ಖಾಲಿ ಐತಂತ. ಈ ತಿಂಗಳ ಕಡೀಕ ಹೊಕ್ಕೀನಿ."

"ಎಷ್ಟು ದಿನಕ್ಕ?"

"ಇರಾಕ."

"ಒಬ್ಬರ?"

"ವಾಡಿ ಜಂಕ್ಷನ್ನವ್ವಾ. ಹಗಲೂ ರಾತ್ರಿ ಗಾಡಿ. ಅಲ್ಲಿ ಒಬ್ಬ ಮುದುಕ ಕೂಗಿದ್ರ ಯಾರಿಗೆ ಕೇಳಸ್ತೈತಿ?"

ಶರ್ವರಿ ಹಾಲಿನ ಪಾಕೀಟು ಹಿಡಿದುಕೊಂಡೇ ನಿಂತಿದ್ದಳು. ಸಿಕಂದರಾಬಾದಿನ ಪಕ್ಕದ ಮಲ್ಕಾಜ್‌ಗಿರಿಯ ಆ ಎರಡು ಕೋಣೆಯ ಮನೆಯಲ್ಲಿ ಮಾತು ಬರಬರುತ್ತ ಕಡಿಮೆಯಾಗಿತ್ತು. ತಾಯಿ ಶಾಮಲಾ ಹೋದ ವರ್ಷ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಿದ್ದರು. ಕೆಳಗಿನ ಅಂಗಡಿಯಲ್ಲಿ ತೆಲುಗು, ಆಫೀಸಿನಲ್ಲಿ ಹಿಂದಿ ಮತ್ತು ಇಂಗ್ಲಿಷು. ಕನ್ನಡ ಬೇಕಿದ್ದದ್ದು ಈ ನಾಲ್ಕು ಗೋಡೆಯೊಳಗೆ ಮಾತ್ರ. ಅದನ್ನು ಆಡುವವರು ಈಗ ಇಬ್ಬರೇ, ಇಬ್ಬರೂ ಮಿತಭಾಷಿಗಳು. ತಂದೆ ಹೋದರೆ ಅದೂ ಮುಗಿಯಿತು.

ವಿಠಲ ಮಧ್ಯಾಹ್ನ ಮಲಗುವವರು. ಮೂವತ್ತಕ್ಕೂ ಹೆಚ್ಚು ವರ್ಷ ರಾತ್ರಿ ಗಾಡಿ ಓಡಿಸಿ, ಹಗಲು ಕಿಟಕಿಗೆ ದಪ್ಪ ಪರದೆ ಎಳೆದು ನಿದ್ದೆ ಮಾಡಿದವರ ದೇಹ ನಿವೃತ್ತಿಯ ಪತ್ರ ಓದುವುದಿಲ್ಲ. ರಾತ್ರಿ ಅವರು ಬಾಲ್ಕನಿಯಲ್ಲಿ ಕುಳಿತಿರುತ್ತಿದ್ದರು. ಸ್ಟೇಷನ್ನಿನ ಕಡೆಯಿಂದ ಬರುವ ಹಾರ್ನ್ ಕೇಳಿ ಅದು ಗೂಡ್ಸೋ ಎಕ್ಸ್‌ಪ್ರೆಸ್ಸೋ ಹೇಳಬಲ್ಲವರಾಗಿದ್ದರು. ನಿದ್ದೆ ಹಗಲಿನದು. ಕನಸೂ ಹಗಲಿನದೇ.

ಕನಸು ಹೊಸದಲ್ಲ ಎಂಬುದು ಶರ್ವರಿಗೆ ಗೊತ್ತಿತ್ತು. ಶಾಲೆಯಿಂದ ಬಂದು ಹಾಲ್‌ನಲ್ಲಿ ಹೋಂವರ್ಕ್ ಮಾಡುತ್ತಿದ್ದಾಗ ಅದು ಅವಳ ಕಿವಿಗೆ ಬೀಳುತ್ತಿತ್ತು. ಮುಚ್ಚಿದ ಬಾಗಿಲಿನ ಆಚೆ ತಂದೆ "ಗ್ರೀನ್" ಎನ್ನುತ್ತಿದ್ದರು. ಒಂದು ಕ್ಷಣ ಬಿಟ್ಟು ತಾಯಿಯ ದನಿ, ಅಕ್ಕಿ ಆರಿಸುವಾಗ ಮಾತಾಡುವಷ್ಟೇ ಸಾಮಾನ್ಯವಾಗಿ, "ಗ್ರೀನ್" ಎನ್ನುತ್ತಿತ್ತು. ಆಮೇಲೆ ಮೌನ. ಎಲ್ಲರ ಮನೆಯಲ್ಲೂ ಅಪ್ಪ ಅವ್ವ ಹೀಗೇ ಮಾಡುತ್ತಾರೆ ಎಂದು ಅವಳು ಬಹಳ ದಿನ ತಿಳಿದಿದ್ದಳು. ತಾಯಿ ಇರುವವರೆಗೆ ಕಿರುಚಾಟ ಕೇಳಿದ ನೆನಪು ಅವಳಿಗಿಲ್ಲ.

ಎಚ್ಚರವಾದ ಮೇಲೆ ವಿಠಲ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು. "ನಾ ಕೂಗಿದ್ನೇನು?"

"ಇಲ್ರಿ," ಎಂದು ಶಾಮಲಾ ಚಹಾ ಕೊಡುತ್ತಿದ್ದರು.

ಗುರುವಾರ ಶರ್ವರಿಗೆ ಮನೆಯಿಂದಲೇ ಕೆಲಸ. ಊಟವಾದ ಮೇಲೆ ತಂದೆ ಮಲಗಿದರು. ಅವಳು ಲ್ಯಾಪ್‌ಟಾಪನ್ನು ಅವರ ಬಾಗಿಲ ಹೊರಗೆ ಒಂದು ಸ್ಟೂಲಿನ ಮೇಲೆ ಇಟ್ಟುಕೊಂಡು ಕುಳಿತಳು. ತಾಯಿ ಮಾಡಿದ್ದನ್ನು ತಾನೂ ಮಾಡಿದರೆ ಆಯಿತು ಎಂಬುದು ಅವಳ ಲೆಕ್ಕ. ಅದರಲ್ಲಿ ಕಲಿಯುವುದೇನೂ ಅವಳಿಗೆ ಕಾಣಲಿಲ್ಲ, ಒಂದೇ ಮಾತು.

ಬಹಳ ಹೊತ್ತಿನ ಮೇಲೆ ಒಳಗಿನ ಉಸಿರಾಟ ಬದಲಾಯಿತು. ಮಂಚ ಕಿರುಗುಟ್ಟಿತು. "ಗ್ರೀನ್!"

"ಗ್ರೀನ್," ಎಂದಳು ಶರ್ವರಿ.

ಮಂಗಳವಾರದ ಕಿರುಚಾಟ ಇದರ ಮುಂದೆ ಏನೂ ಅಲ್ಲ. ವಿಠಲ ಮಂಚದಿಂದ ಅರ್ಧ ಕೆಳಗೆ ಬಿದ್ದು, ಎರಡೂ ಕೈಯಲ್ಲಿ ಕಂಬಿ ಎಳೆಯುತ್ತ, "ಸರೀ, ಸರೀ, ಬಿಡು ಅದನ್ನ, ಸರೀ!" ಎಂದು ಕೂಗುತ್ತಿದ್ದರು. ಮೇಲಿನ ಮನೆಯವರು ಬಂದು ಬಾಗಿಲು ತಟ್ಟಿದರು. ಏನೂ ಇಲ್ಲ, ಅಪ್ಪನಿಗೆ ಕನಸು ಬಿತ್ತು ಎಂದು ಶರ್ವರಿ ತೆಲುಗಿನಲ್ಲಿ ಹೇಳಿ ಕಳಿಸಿದಳು. ಅವರು ಅವಳ ಭುಜದ ಮೇಲಿಂದ ಒಳಗೆ ಇಣುಕಿ ನೋಡಿಯೇ ಹೋದರು.

ಅವಳು ತಿರುಗಿ ಬಂದಾಗ ತಂದೆ ನೆಲದ ಮೇಲೆ ಕುಳಿತಿದ್ದರು. ಪೂರ್ತಿ ಎಚ್ಚರವಾಗಿದ್ದರು. ಅವರ ಮುಖದಲ್ಲಿ ಇದ್ದದ್ದು ಭಯವಲ್ಲ, ಸಿಟ್ಟು.

"ಗ್ರೀನ್ ಅಂದವಳು ನೀನ ಏನು?"

"ಹೌದ್ರಿ."

"ಯಾಕಂದಿ?"

"ನೀವು ಅಂದ್ರಿ, ನಾನೂ ಅಂದೆ."

"ನೋಡಿದ್ದೇನು ನೀ ಸಿಗ್ನಲ್ಲು?"

"ಅಪ್ಪಾ, ನೀವು ಮಲಗಿದ್ರಿ. ಯಾವ ಸಿಗ್ನಲ್ಲು?"

"ನೋಡದ ಹೇಳಬಾರ್ದು!" ಅವರು ನೆಲಕ್ಕೆ ಕೈ ಬಡಿದರು. "ಎಂಜಿನ್ನಾಗ ಇಬ್ಬರು ಯಾಕ ಇರ್ತಾರ? ಒಬ್ಬನ ಕಣ್ಣು ತಪ್ಪಿದ್ರ ಇನ್ನೊಬ್ಬನ ಕಣ್ಣು ಇರಲಿ ಅಂತ. ಡ್ರೈವರ್ ಗ್ರೀನ್ ಅಂದ, ಅಸಿಸ್ಟೆಂಟೂ ಗ್ರೀನ್ ಅಂದ, ನೋಡಲಾರದ ಅಂದ, ಅಂದ್ರ ಗಾಡ್ಯಾಗ ಕುಂತ ಸಾವಿರ ಮಂದೀನ ಒಂದ ಕಣ್ಣಿನ ಮ್ಯಾಲ ಬಿಟ್ಟಂಗ. ಗಿಣಿ ಸಾಕಿದ್ರ ಆಗತಿತ್ತು, ಅಸಿಸ್ಟೆಂಟ್ ಯಾಕ?"

"ಅವ್ವ ಹೇಳತಿದ್ಲಲ್ಲ," ಎಂದಳು ಶರ್ವರಿ. ಹೇಳಬೇಕೆಂದು ಹೇಳಿದ್ದಲ್ಲ, ಬೈಸಿಕೊಂಡ ನೋವಿಗೆ ಬಾಯಿಂದ ಬಂದದ್ದು.

"ಏನು ಹೇಳತಿದ್ಲು?"

"ಗ್ರೀನ್ ಅಂತ. ನೀವು ಕೂಗಿದಾಗೆಲ್ಲ ಅಕಿ ಉತ್ತರ ಕೊಡತಿದ್ಲು. ನಾ ಸಣ್ಣಾಕಿ ಇದ್ದಾಗಿಂದ ಕೇಳೀನಿ. ಆಮ್ಯಾಲ ನೀವು ಸುಮ್ಮನ ಮಲಗತಿದ್ರಿ."

ವಿಠಲ ಅವಳನ್ನೇ ನೋಡಿದರು. "ನಾ ಕೂಗೇ ಇಲ್ಲ ಅಂತಿದ್ಲಲ್ಲ ಅಕಿ."

ಶರ್ವರಿ ನೆಲಕ್ಕೆ ಬಿದ್ದಿದ್ದ ಹೊದಿಕೆಯನ್ನು ಎತ್ತಿ ಮಂಚದ ಮೇಲಿಟ್ಟಳು.

"ದಿನಾ ಕೇಳತಿದ್ದೆ. ದಿನಾ ಇಲ್ರಿ ಅಂತಿದ್ಲು." ಅವರು ಮಂಚದ ಆಚೆ ಬದಿಯ ಖಾಲಿ ದಿಂಬಿನ ಕಡೆ ನೋಡಿದರು. ಅದರ ಗವಸನ್ನು ಅವರು ವಾರಕ್ಕೊಮ್ಮೆ ತಾವೇ ಒಗೆದು ಮತ್ತೆ ಹಾಕುತ್ತಿದ್ದರು. "ನಾ ಏನು ತಿಳಕೊಂಡಿದ್ದೆ ಅಂದ್ರ, ಕನಸು ನನ್ನೊಳಗ ಬರ್ತೈತಿ, ನನ್ನೊಳಗ ಹೊಕ್ಕೈತಿ, ಹೊರಗ ಯಾರಿಗೂ ತ್ರಾಸ ಇಲ್ಲ ಅಂತ."

ಆ ದಿನ ಅವರು ಮತ್ತೆ ಮಲಗಲಿಲ್ಲ. ಮರುದಿನವೂ ಮಲಗಲಿಲ್ಲ. ಮಧ್ಯಾಹ್ನ ನಿದ್ದೆ ಬಂದರೆ ಎದ್ದು ಸ್ಟೇಷನ್ನಿಗೆ ನಡೆದು ಹೋಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರುತ್ತಿದ್ದರು. ಮೂರನೆಯ ದಿನ ಅವರ ಕೈಯಿಂದ ಚಹಾದ ಲೋಟ ಜಾರಿ ಬಿತ್ತು. ಬಾಗಿಲ ಬಳಿಯ ಲೈನ್ ಬಾಕ್ಸಿಗೆ ಬೀಗ ಬಿದ್ದಿತ್ತು.

ಶರ್ವರಿಯ ಕಂಪನಿಯ ನೌಕರರಿಗೆ ಆಪ್ತಸಲಹೆಗಾರರೊಬ್ಬರ ಸೌಲಭ್ಯವಿತ್ತು. ಅಮಿತಾ ಎಂಬ ಆಕೆ ಫೋನಿನಲ್ಲಿ ತಾಳ್ಮೆಯಿಂದ ಕೇಳಿದರು. ಮತ್ತೆ ಮತ್ತೆ ಬರುವ ಕನಸಿಗೆ ಒಂದು ಅಭ್ಯಾಸವಿದೆ ಎಂದರು. ಎಚ್ಚರವಿರುವಾಗ, ಬೆಳಕಿನಲ್ಲಿ, ಜೊತೆಗೊಬ್ಬರಿದ್ದು ಆ ಕನಸನ್ನು ಬಾಯಿಬಿಟ್ಟು ಹೇಳಬೇಕು. ಅದರ ಕೊನೆಯನ್ನು ತಮಗೆ ಬೇಕಾದ ಹಾಗೆ ಬದಲಿಸಿ, ಆ ಹೊಸ ಕನಸನ್ನೇ ದಿನವೂ ಮನಸ್ಸಿನಲ್ಲಿ ನಡೆಸಬೇಕು. ಹಲವರಿಗೆ ಇದರಿಂದ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. ಒಪ್ಪದಿದ್ದರೆ ಒತ್ತಾಯ ಬೇಡ. ಕಷ್ಟ ಹೆಚ್ಚಾದರೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಶರ್ವರಿ ಇದನ್ನು ಹೇಳಿದಾಗ ವಿಠಲ ಪೂರ್ತಿ ಕೇಳಿದರು. "ಕೊನಿ ಬದಲಿಸೋದು ಅಂದ್ರ?"

"ಅಂದ್ರ... ಸಿಗ್ನಲ್ ಕೆಂಪಿತ್ತು, ಗಾಡಿ ನಿಂತಿತು ಅಂತ ಅಂದುಕೊಳ್ಳೋದು."

"ಕೆಂಪಿರಲಿಲ್ಲ."

"ಕನಸಿನ್ಯಾಗ, ಅಪ್ಪಾ."

"ಎದರಾಗಾದ್ರೂ. ಹಸಿರಿತ್ತು. ಹಸಿರಿದ್ದದ್ದನ್ನ ಕೆಂಪು ಅಂದವನ ಕೈಯಾಗ ನಾಳೆ ಕೆಂಪು ಹಸಿರಾಗ್ತೈತಿ. ನಾ ಅದನ್ನ ಹೇಳಂಗಿಲ್ಲ."

ಏನು ನಡೆದಿತ್ತು ಎಂದು ಅವಳು ಕೇಳಬಹುದಾಗಿತ್ತು. ಕೇಳಿದರೆ ಅವರು ಎದ್ದು ಹೋಗುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಬೇರೆಯೇ ಒಂದು ಮಾತು ಕೇಳಿದಳು.

"ಹಂಗಾರ ನನಗ ರೋಡು ಕಲಿಸ್ರಿ."

ವಿಠಲ ತಲೆ ಎತ್ತಿದರು.

ರೈಲ್ವೆಯಲ್ಲಿ ಎಂಥ ಅನುಭವಿಯೂ ಗೊತ್ತಿಲ್ಲದ ದಾರಿಯಲ್ಲಿ ಗಾಡಿ ಓಡಿಸುವಂತಿಲ್ಲ. ಮೊದಲು ಆ ದಾರಿ ಬಲ್ಲವನ ಜೊತೆ ಎಂಜಿನ್ನಿನಲ್ಲಿ ಕುಳಿತು ಹಲವು ಸಲ ಹೋಗಿ ಬರಬೇಕು. ಯಾವ ಸಿಗ್ನಲ್ ಯಾವ ಮರದ ಹಿಂದೆ ಅಡಗಿದೆ, ಎಲ್ಲಿ ಏರು, ಎಲ್ಲಿ ತಿರುವು, ಎಲ್ಲಿ ಮಂದಿ ಹಳಿ ದಾಟುತ್ತಾರೆ ಎಲ್ಲ ಕಣ್ಣಿಗೆ ಪಾಠವಾದ ಮೇಲೆಯೇ ದಾರಿ ಬರುತ್ತದೆ ಎಂದು ಸಹಿ ಹಾಕಬೇಕು. ಅದಕ್ಕೆ ರೋಡು ಕಲಿಯುವುದು ಎನ್ನುತ್ತಾರೆ. ಅರ್ಧಕ್ಕೆ ಬಿಡುವಂತಿಲ್ಲ.

"ನೋಡದ ಹೇಳಬಾರ್ದು ಅಂದ್ರಿ," ಎಂದಳು ಶರ್ವರಿ. "ತೋರಿಸ್ರಿ. ನೋಡಿ ಹೇಳ್ತೀನಿ."

ಅವರು ಎದ್ದು ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಲ್‌ನ ಕಿಟಕಿಗೆ ಮುಖ ಮಾಡಿ ಅಕ್ಕಪಕ್ಕ ಹಾಕಿದರು.

ಸಿಕಂದರಾಬಾದಿನಿಂದ ಹೊರಟರು. ಕಣ್ಣು ಮುಚ್ಚಲೇ ಎಂದು ಶರ್ವರಿ ಕೇಳಿದಳು.

"ಕಣ್ಣು ಮುಚ್ಚಿ ಗಾಡಿ ಓಡಸ್ತಾರೇನು?"

"ತೆರೆದ್ರ ಎದುರಿನ ಮನಿ ಒಣಹಾಕಿದ ಬಟ್ಟಿ ಕಾಣ್ತಾವ್ರಿ."

"ಕೆಂಪು ಸೀರಿ ಐತೇನು?"

"ಐತ್ರಿ."

"ಹಂಗಾರ ನಿಲ್ಲಸು ಗಾಡಿ," ಎಂದು ವಿಠಲ ನಕ್ಕರು. ತಾಯಿ ಹೋದ ಮೇಲೆ ಅವರು ನಕ್ಕದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ದಿನವೂ ಊಟಕ್ಕೆ ಮುಂಚೆ ಪಾಠ. ಮನೆಯಿಂದ ಕೆಲಸವಿದ್ದ ದಿನ ಅವಳು ಆ ಹೊತ್ತನ್ನು ಬಿಡುವು ಮಾಡಿಕೊಂಡಳು. ಮಾದಾಪುರಕ್ಕೆ ಹೋಗಬೇಕಾದ ದಿನ ಬೆಳಗ್ಗೆ ಮೆಟ್ರೋ ಹಿಡಿಯುವ ಮೊದಲೇ ಮುಗಿಸುತ್ತಿದ್ದರು. ಬೇಗಂಪೇಟೆ, ಸನತ್‌ನಗರ, ಲಿಂಗಂಪಲ್ಲಿ. ಶಂಕರಪಲ್ಲಿ ದಾಟಿದ ಮೇಲೆ ಊರು ಮುಗಿದು ಹೊಲ ಶುರುವಾಗುತ್ತದೆ. ವಿಕಾರಾಬಾದಿನಲ್ಲಿ ಕಾಡು, ಏರು. ಭಾರದ ಗಾಡಿ ಅಲ್ಲಿ ಉಬ್ಬಸ ಬಂದವರ ಹಾಗೆ ಹತ್ತುತ್ತದೆ. ಪ್ರತಿ ಸಿಗ್ನಲ್ಲಿಗೂ ಅವರು ಕೈ ಚಾಚಿ ಬೆರಳು ತೋರಿಸಿ ಹೆಸರು ಹೇಳುವರು. ಅವಳೂ ಕೈ ಚಾಚಿ ನೋಡಿ, ಆಮೇಲೆ ಹೇಳಬೇಕು. ಅವಸರ ಮಾಡಿದರೆ ಬೈಗುಳ.

"ಮತ್ತ ಗಿಣಿ ಆದಿ ನೋಡು. ಆ ಬೇವಿನ ಗಿಡ ಸರಿದ ಮ್ಯಾಲ ಕಾಣ್ತೈತಿ ಅಂದೆನೋ ಇಲ್ಲೋ? ಗಿಡ ಸರೀತೇನು?"

"ಸರಿಲಿಲ್ರಿ."

"ಹಂಗಾರ ಬಾಯಿ ಮುಚ್ಚು."

ತಾಂಡೂರು ಬರುತ್ತಿತ್ತು. ಹಳಿಯ ಎರಡೂ ಬದಿಗೆ ಹಾಸುಗಲ್ಲಿನ ರಾಶಿಗಳು, ಕಲ್ಲು ಕೊಯ್ಯುವ ಯಂತ್ರದ ಸದ್ದು, ಗಿಡದ ಎಲೆಯ ಮೇಲೂ ಬಿಳಿ ಹುಡಿ. ಅಲ್ಲಿಗೆ ವಿಠಲ ಕುರ್ಚಿ ಹಿಂದಕ್ಕೆ ಸರಿಸಿ ಎದ್ದುಬಿಡುತ್ತಿದ್ದರು. "ಚಾ ಮಾಡು." ಎಷ್ಟು ದಿನ ಹೊರಟರೂ ಗಾಡಿ ತಾಂಡೂರಿನಲ್ಲೇ ನಿಲ್ಲುತ್ತಿತ್ತು. ಅವಳು ಒತ್ತಾಯ ಮಾಡಲಿಲ್ಲ. ಮಧ್ಯಾಹ್ನ ಅವರು ಸ್ಟೇಷನ್ನಿನ ಬೆಂಚಿಗೆ ಹೋಗುವುದು ನಿಲ್ಲಲಿಲ್ಲ. ತಿಂಗಳ ಕೊನೆ ಹತ್ತಿರವಾಗುತ್ತಿತ್ತು; ಬೂದೆಪ್ಪ ಖೋಲಿಗೆ ಸುಣ್ಣ ಹೊಡೆಸಿದ್ದೇನೆ ಎಂದು ಫೋನ್ ಮಾಡಿದ.

ಆ ಶನಿವಾರ ಚಹಾ ಮುಗಿದ ಮೇಲೂ ವಿಠಲ ಕುರ್ಚಿ ಎತ್ತಿಡಲಿಲ್ಲ. ಮತ್ತೆ ಬಂದು ಕುಳಿತರು.

"ತಾಂಡೂರು ಕಡೀ ಸಿಗ್ನಲ್," ಎಂದು ಕೈ ಚಾಚಿದರು. "ಗ್ರೀನ್."

ಶರ್ವರಿ ಕೈ ಚಾಚಿದಳು. ನೋಡಿದಳು. "ಗ್ರೀನ್."

"ಬೂದೆಪ್ಪನೂ ಹಿಂಗ ಅಂದ. ನನ್ನ ಅಸಿಸ್ಟೆಂಟ್ ಅಂವ ಆಗ. ಮೀಸಿ ಚಿಗುರಿದ ಹುಡುಗ. ಮುಂಜಾನಿ ಗಾಡಿ, ಬಿಸಿಲು ಛಲೋ ಬಿದ್ದಿತ್ತು. ಇಲ್ಲಿಂದ ಒಂದು ತಿರುವು ಐತಿ. ತಿರುವಿಗೆ ಹಾರ್ನ್ ಹೊಡದೆ. ತಿರುವು ದಾಟಿತು, ಹಳಿ ಮ್ಯಾಲ ಒಬ್ಬಾಕಿ ಹುಡುಗಿ."

ಅವರ ಕೈ ಚಾಚಿದಂತೆಯೇ ಇತ್ತು.

"ಅಕಿ ದಾಟಿದ್ಲು. ಒಂದು ಕಾಲು ಆ ಕಡೆ ಇಟ್ಟಿದ್ಲು. ಕೈಯಾಗ ಹಗ್ಗ, ಹಗ್ಗದ ತುದೀಗೆ ಆಡು. ಆಡು ಈ ಕಡೇನ ನಿಂತು ಬರಾಂಗಿಲ್ಲ ಅಂತ ಹಟ ಹಿಡದಿತ್ತು. ಹಗ್ಗ ಬಿಟ್ಟಿದ್ರ ಮುಗೀತಿತ್ತು. ಅಕಿ ಬಿಡಲಿಲ್ಲ. ತಿರುಗಿ ಬಂದು ಎಳ್ಯಾಕ ಹತ್ತಿದ್ಲು. ಬ್ರೇಕ್ ಪೂರ್ತಿ ಹಾಕಿದೆ. ಹಾರ್ನಿನ ಮ್ಯಾಲಿನ ಕೈ ತಗೀಲಿಲ್ಲ. ಆ ಓಟದ ಗಾಡಿ ನಿಲ್ಲಾಕ ಎಷ್ಟು ದೂರ ಬೇಕು ನನಗ ಗೊತ್ತಿತ್ತು. ಅಕಿ ಎಷ್ಟು ದೂರ ಇದ್ಲು ಅದೂ ಗೊತ್ತಿತ್ತು. ಎರಡೂ ಗೊತ್ತಿದ್ದು ಕುಂತಿದ್ದೆ. ಕಡೀಕ ಒಮ್ಮೆ ತಲಿ ಎತ್ತಿ ನೋಡಿದ್ಲು."

ಕೆಳಗೆ ತರಕಾರಿ ಗಾಡಿಯವನು ಕೂಗುತ್ತ ಹೋದ.

"ನಿನ್ನಷ್ಟ ಇದ್ಲು. ನೀ ಆಗ ಏಳನೇ ಕ್ಲಾಸು. ಅವತ್ತು ಮನಿಗೆ ಬಂದಾಗ ನೀ ಎರಡು ಜಡಿ ಹಾಕ್ಕೊಂಡು ಬಾಗಲಾಗ ನಿಂತಿದ್ದಿ. ನಾ ನಿನ್ನ ಕೂಡ ಮಾತಾಡಲಿಲ್ಲ."

ಅದು ಶರ್ವರಿಗೆ ನೆನಪಿರಲಿಲ್ಲ. ತಂದೆ ಮಾತಾಡದ ದಿನಗಳು ಅಷ್ಟಿದ್ದವು.

"ಮೊನ್ನೆ ನೀ ಗ್ರೀನ್ ಅಂದಿ ನೋಡು," ಎಂದರು. "ಆ ಧ್ವನಿ ನನಗ ಪಕ್ಕದ ಸೀಟಿನಿಂದ ಬರಲಿಲ್ಲ. ಮುಂದಿನಿಂದ ಬಂತು. ಹಳಿ ಮ್ಯಾಲಿನಿಂದ."

ಅವಳಿಗೆ ಅವರ ಕೈ ಹಿಡಿಯಬೇಕೆನ್ನಿಸಿತು. ಆ ಮನೆಯಲ್ಲಿ ಅಂಥ ರೂಢಿ ಇರಲಿಲ್ಲ. ಚಾಚಿದ ಆ ಕೈ ಇನ್ನೂ ಹಾಗೇ ಇತ್ತು.

"ಆಮ್ಯಾಲ?"

"ಆಮ್ಯಾಲ ಏನು? ಅಷ್ಟ. ಕನಸೂ ಅಲ್ಲಿಗೇ."

"ಗಾಡಿ ಅಲ್ಲೇ ನಿಂತಿತೇನು ಅಪ್ಪಾ? ಇವತ್ತಿಗೂ ಅಲ್ಲೇ ಐತೇನು?"

ವಿಠಲ ಮಗಳ ಕಡೆ ತಿರುಗಿದರು. ಪ್ರಶ್ನೆ ಮೂರ್ಖತನದ್ದೋ ಏನೋ ಎಂದು ನೋಡುವಂತಿತ್ತು.

"ಗಾಡಿ ಹೆಂಗ ಅಲ್ಲೇ ಇರ್ತೈತಿ? ಹಿಂದ ಗಾಡಿ ಇರ್ತಾವ." ಅವರು ನಿಧಾನವಾಗಿ ಹೇಳತೊಡಗಿದರು. "ನಿಂತಿತು. ಡ್ರೈವರ್ ಎಂಜಿನ್ ಬಿಟ್ಟು ಇಳಿಯಾಂಗಿಲ್ಲ. ಬೂದೆಪ್ಪ ಇಳದು ಹಿಂದಕ್ಕ ಓಡಿದ. ಗಾರ್ಡ್ ಬಂದ. ಹೊಲದಾಗಿನ ಮಂದಿ ಬಂದ್ರು. ನಾ ಕಿಟಕ್ಯಾಗ ತಲಿ ಹಾಕಿ ಹಿಂದ ನೋಡಿದೆ. ಆಡು ಕಾಣತಿತ್ತು. ಹಗ್ಗ ಎಳಕೋತ ಮೇಯಾಕತ್ತಿತ್ತು. ಆಮ್ಯಾಲ ಬೂದೆಪ್ಪ ಹತ್ತಿ ಬಂದ. ಗಾರ್ಡ್ ಹಸಿರು ಬಾವುಟ ತೋರಿಸಿದ. ಹೊಂಟ್ವಿ."

"ಮುಂದಿನ ಸಿಗ್ನಲ್ ಯಾವುದು?"

"ನಾವಂದಗಿ ಡಿಸ್ಟಂಟ್. ಸ್ಟೇಷನ್ನಿಗೆ ಮೊದಲ ದೂರದಾಗ ಬರೋ ಸಿಗ್ನಲ್ಲು."

"ಏನಿತ್ತು?"

ಅವರ ಹುಬ್ಬು ಗಂಟಿಕ್ಕಿತು. ಸಾವಿರ ಸಲ ಹೋದ ದಾರಿಯಲ್ಲಿ ಒಂದು ಸಿಗ್ನಲ್ ನೆನಪಾಗದಿರುವುದು ಅವರಿಗೆ ಅವಮಾನವಾದಂತಿತ್ತು. ಎದುರು ಮನೆಯ ಕೆಂಪು ಸೀರೆ ಗಾಳಿಗೆ ಏರಿ ಇಳಿಯಿತು.

"ಯೆಲ್ಲೊ," ಎಂದರು ಕೊನೆಗೆ. "ಹೌದು, ಯೆಲ್ಲೊ. ಸ್ಟೇಷನ್ ಮಾಸ್ತರಗ ಬರದು ಕೊಡಾಕ ಅಲ್ಲಿ ನಿಲ್ಲಬೇಕಿತ್ತು."

"ಯಾರು ಹೇಳಿದ್ರು ಯೆಲ್ಲೊ ಅಂತ?"

"ನಾ ಹೇಳಲಿಲ್ಲ. ನನಗ ಬಾಯಿ ಇರಲಿಲ್ಲ. ಬೂದೆಪ್ಪ ಹೇಳಿದ." ವಿಠಲರ ದನಿ ಬದಲಾಯಿತು. "ಅಳಕೋತ ಹೇಳಿದ. ಕೈ ಚಾಚಿ, ಮೂಗು ಒರಸಿಕೋತ, ಯೆಲ್ಲೊ ಸಾಹೇಬ್ರ ಅಂದ. ಎರಡು ಸಲ ಅಂದ. ಆಮ್ಯಾಲ ನಾನೂ ಅಂದೆ."

ಇದನ್ನು ಅವರು ಮರೆತಿದ್ದರು ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಸಂಜೆಯವರೆಗೆ ಅವರು ಆ ದಾರಿ ಹೋದರು. ನಾವಂದಗಿಯಲ್ಲಿ ನಿಂತದ್ದು, ಸೇಡಂನ ಸಿಮೆಂಟ್ ಫ್ಯಾಕ್ಟರಿ ಚಿಮಣಿಗಳು, ಮಳಖೇಡ ರೋಡ್, ಚಿತ್ತಾಪುರ. ವಾಡಿಯಲ್ಲಿ ಬೇರೆ ಡ್ರೈವರ್ ಬಂದು ಎಂಜಿನ್ ವಹಿಸಿಕೊಂಡದ್ದು. ಡ್ರೈವರುಗಳು ತಂಗುವ ರನ್ನಿಂಗ್ ರೂಮಿನಲ್ಲಿ ಬೂದೆಪ್ಪನಿಗೆ ಅವರೇ ಚಹಾ ತಂದುಕೊಟ್ಟದ್ದು, ಅವನು ಕುಡಿಯದೆ ಲೋಟದ ಬಿಸಿಗೆ ಕೈ ಹಿಡಿದು ಕುಳಿತದ್ದು. ಕನಸಿನಲ್ಲಿ ಇದಾವುದೂ ಎಂದೂ ಬಂದಿರಲಿಲ್ಲ. ಆದರೂ ಇದೆಲ್ಲ ನಡೆದಿತ್ತು. ಕಟ್ಟಿ ಹೇಳಿದ್ದು ಒಂದೂ ಇರಲಿಲ್ಲ.

ಮುಂದಿನ ಎರಡು ದಿನ ಅವರು ತಾಂಡೂರಿನಲ್ಲಿ ಚಹಾಕ್ಕೆ ಏಳಲಿಲ್ಲ. ತಿರುವಿನಲ್ಲಿ ಇಬ್ಬರೂ ಸುಮ್ಮನಿರುತ್ತಿದ್ದರು. ಅಲ್ಲಿ ಸಿಗ್ನಲ್ ಇಲ್ಲ, ಹೇಳುವುದಕ್ಕೇನೂ ಇಲ್ಲ. ಆ ಮೌನ ಎಷ್ಟು ಉದ್ದ ಎಂಬುದನ್ನೂ ಅವಳು ದಾರಿಯ ಜೊತೆಗೇ ಕಲಿತಳು.

ಮಂಗಳವಾರ ಊಟವಾದ ಮೇಲೆ ವಿಠಲ ಚಪ್ಪಲಿ ಹುಡುಕಲಿಲ್ಲ. ಮಂಚದ ಮೇಲೆ ಒರಗಿದವರು ಹಾಗೇ ನಿದ್ದೆಹೋದರು. ಶರ್ವರಿ ಬಾಗಿಲು ತೆರೆದಿಟ್ಟಳು. ಮೀಟಿಂಗಿಗೆ ತೆರೆದಿಟ್ಟ ಅವಳ ಲ್ಯಾಪ್‌ಟಾಪ್ ಹಾಲ್‌ನಲ್ಲಿತ್ತು.

ಒಳಗಿನಿಂದ ತಂದೆಯ ಕರೆ ಬಂದಾಗ ಅವಳು ಹೊಸ್ತಿಲಲ್ಲಿದ್ದಳು.

"ಗ್ರೀನ್."

ಅವಳು ಕೈ ಚಾಚಿದಳು. ಹಾಸುಗಲ್ಲಿನ ರಾಶಿ, ಬಿಳಿ ಹುಡಿ, ತಾಂಡೂರಿನ ಕಡೆಯ ಕಂಬ. ನೋಡಿದಳು. "ಗ್ರೀನ್."

ತಂದೆಯ ಕೈ ಕಂಬಿಯನ್ನು ಹಿಡಿಯಿತು. ಮೈ ಬಿಗಿಯಿತು. ಗಂಟಲಿನಿಂದ ಒಂದು ಸದ್ದು ಹೊರಟು ಹಲ್ಲಿನಲ್ಲಿ ಸಿಕ್ಕಿಕೊಂಡಿತು. ಏನಾದರೂ ಹೇಳಬೇಕು, ಅಪ್ಪಾ ಎಂದು ಕರೆದು ಎಬ್ಬಿಸಬೇಕು ಎಂದು ಅವಳ ಇಡೀ ಮೈ ಹೇಳುತ್ತಿತ್ತು. ಅವಳು ಹೇಳಲಿಲ್ಲ. ಅಲ್ಲಿ ಸಿಗ್ನಲ್ ಇರಲಿಲ್ಲ. ಹಾಲ್‌ನಲ್ಲಿ ಲ್ಯಾಪ್‌ಟಾಪ್ ಟಿಣ್ ಎಂದಿತು, ಮತ್ತೊಮ್ಮೆ ಟಿಣ್ ಎಂದಿತು. ಯಾರೋ ಅವಳನ್ನು ಕೇಳುತ್ತಿದ್ದರು.

ತಾಯಿ ಈ ಜಾಗದಲ್ಲಿ ಹೇಗೆ ಇದ್ದಿರಬೇಕು ಎಂದು ಅವಳಿಗೆ ಆಗ ತಿಳಿಯಿತು. ಯಾವ ಊರು, ಯಾವ ತಿರುವು, ಯಾರು ನಿಂತಿದ್ದಾರೆ ಎಂದು ಯಾರೂ ತಾಯಿಗೆ ಹೇಳಿರಲಿಲ್ಲ. ಅಷ್ಟು ವರ್ಷ, ಕತ್ತಲು ಮಾಡಿದ ಈ ಕೋಣೆಯಲ್ಲಿ ಆಕೆ ನೋಡದ ದಾರಿಗೆ ಉತ್ತರ ಕೊಟ್ಟಿದ್ದಳು. ಎದ್ದ ಮೇಲೆ ಇಲ್ರಿ ಎಂದಿದ್ದಳು.

ವಿಠಲರ ಕೈ ಕಂಬಿಯ ಮೇಲೆ ಸಡಿಲವಾಯಿತು.

"ಯೆಲ್ಲೊ," ಎಂದರು. ಗಟ್ಟಿಯಾಗಿ ಅಲ್ಲ, ಹತ್ತಿರದವರಿಗೆ ಹೇಳುವಂತೆ.

"ಯೆಲ್ಲೊ."

ಅವಳು ಒಳಗೆ ಬಂದು ಮಂಚದ ಪಕ್ಕ ನೆಲದ ಮೇಲೆ ಕುಳಿತಳು. ಇನ್ನು ಏಳುವಂತಿರಲಿಲ್ಲ. ಅವರು ಇನ್ನೂ ಕರೆಯುತ್ತಿದ್ದರು, ಮಧ್ಯೆ ಮಧ್ಯೆ ಬಹಳ ಹೊತ್ತು ಬಿಟ್ಟು, ಕೆಲವು ಅರ್ಥವಾಗುವಂತೆ, ಕೆಲವು ಬರೀ ಉಸಿರು. ಅವಳು ಒಂದೊಂದಕ್ಕೂ ನೋಡಿ ಹೇಳಿದಳು. ಸೇಡಂ ಬಂದಿರಬೇಕು ಎಂದು ಅವಳು ಅಂದುಕೊಂಡ ಕಡೆ ಅವರ ದನಿ ನಿಂತು ಬರೀ ನಿದ್ದೆ ಉಳಿಯಿತು. ಅವಳು ಪಕ್ಕದಲ್ಲೇ ಕುಳಿತಿದ್ದಳು. ಅವರಿಗೆ ಅದು ಗೊತ್ತಿರಲಿಲ್ಲ.

ಪರದೆಯ ಅಂಚಿನ ಬಿಸಿಲು ಹಳದಿಯಾದಾಗ ವಿಠಲ ಎದ್ದರು. ನೆಲದ ಮೇಲಿದ್ದ ಮಗಳನ್ನು ನೋಡಿದರು. ಬಹಳ ಹೊತ್ತು ಮಲಗಿದ್ದಕ್ಕೆ ಮುಖ ಊದಿಕೊಂಡಿತ್ತು.

"ನಾ ಕೂಗಿದ್ನೇನು?"

"ಕೂಗಿದ್ರಿ," ಎಂದಳು ಶರ್ವರಿ. "ನಾ ಉತ್ತರ ಕೊಟ್ಟೆ."

"ಎಲ್ಲಿತನಾ?"

"ಸೇಡಂ ತನಕ. ಆಮ್ಯಾಲ ನನಗ ಕೇಳಿಸಲಿಲ್ಲ."

ಅವರು ತಲೆಯಾಡಿಸಿದರು. ದಿಂಬಿನ ಕಡೆಗೆ, ಆಮೇಲೆ ತೆರೆದ ಬಾಗಿಲಿನಾಚೆ ಕಾಣುತ್ತಿದ್ದ ಲೈನ್ ಬಾಕ್ಸಿನ ಕಡೆಗೆ ನೋಡಿದರು. ಮುಖ ತೊಳೆದು ಬಂದು ಫೋನ್ ಹಚ್ಚಿದರು. ಆ ತುದಿಯಲ್ಲಿ ಬೂದೆಪ್ಪನ ದನಿ ಹೊರಗಿನವರೆಗೆ ಕೇಳುತ್ತಿತ್ತು. ಸುಣ್ಣ ಒಣಗಿದೆ, ಯಾವ ಗಾಡಿಗೆ ಬರುತ್ತೀರಿ ಎಂದು ಕೇಳುತ್ತಿದ್ದ.

"ಈ ತಿಂಗಳು ಆಗಂಗಿಲ್ಲಪಾ," ಎಂದರು ವಿಠಲ. "ಇಕಿದು ರೋಡು ಇನ್ನಾ ಮುಗಿದಿಲ್ಲ. ಮಳಖೇಡದ ಕಡೆ ಭಾಳ ಕಚ್ಚಾ ಐತಿ."

ಬೂದೆಪ್ಪ ಏನೋ ಕೇಳಿದ. ವಿಠಲ ಫೋನ್ ಹಿಡಿದುಕೊಂಡು ಬಾಲ್ಕನಿಗೆ ಹೋದರು. "ಬೂದೆ," ಎಂದು ಶುರುಮಾಡಿದ್ದು ಶರ್ವರಿಗೆ ಕೇಳಿತು, "ಅವತ್ತು ನಾವಂದಗ್ಯಾಗ ನೀ ಎರಡು ಸಲ ಹೇಳಿದಿ, ನೆನಪೈತೇನು?" ಆಮೇಲೆ ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ಗಾಡಿಯೊಂದು ಹಾರ್ನ್ ಹಾಕುತ್ತ ಬಂತು. ಉಳಿದದ್ದು ಕೇಳಿಸಲಿಲ್ಲ.

ಅವಳು ಹೋಗಿ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಮೀಟಿಂಗ್ ಮುಗಿದು ಎಲ್ಲರೂ ಹೋಗಿದ್ದರು. ಪರದೆಯ ಮೇಲೆ ಅವಳ ಹೆಸರಿನ ಮುಂದೆ ಬಣ್ಣದ ಜಾಗ ಖಾಲಿಯಿತ್ತು.